ಬಹಿಷ್ಕೃತರ ನಾಯಕ ಚಾರ್ಲಿ ರಾಬರ್ಟ್ಸ್

ಮೊನ್ನೆ ಸಾಯಂಕಾಲ ನಮ್ಮ ಮೊಮ್ಮಗನು ಪತ್ರಿಕೆಯೊಂದನ್ನು ಕೈಯಲ್ಲಿ ಹಿಡಿದು ಬಂದು, "ತಾತ, ಈ ಫುಟ್‌ಬಾಲ್ ಆಟಗಾರನನ್ನು ಇಷ್ಟು ಕೋಟಿ ಕೊಟ್ಟು ಕೊಂಡುಕೊಂಡರಂತೆ. ಮನುಷ್ಯರನ್ನೂ ಕೊಳ್ಳಬಹುದೆ?" ಎಂದು ಕೇಳಿದನು. ಪ್ರಶ್ನೆಯು ಬಾಲಕನದಾದರೂ ಉತ್ತರವು ಸುಲಭವಾದುದಲ್ಲ. ನಾರದಸ್ಮೃತಿಕಾರನು ಸೇವಕರನ್ನು ವಿಂಗಡಿಸುವಾಗ ಕೂಲಿಗೆ ದುಡಿಯುವ ಭೃತಕನನ್ನು ಬೇರೆಯಾಗಿಯೂ ಬೆಲೆಗೆ ಕೊಂಡ ಕ್ರೀತದಾಸನನ್ನು ಬೇರೆಯಾಗಿಯೂ ಎಣಿಸಿರುವನು. ವೇತನವನ್ನೂ ಪಡೆದು ಕ್ರಯವಿಕ್ರಯಕ್ಕೂ ಒಳಗಾಗುವ ಮತ್ತೊಂದು ಬಗೆಯುಂಟೆಂದು ಆತನಿಗೆ ಹೊಳೆದಿರಲಾರದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನಲ್ಲಿ ಕಾಲ್ಚೆಂಡಾಟವನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದವರು ಆ ಬಗೆಯವರು. ಅವರಲ್ಲೊಬ್ಬನ ವೃತ್ತಾಂತವನ್ನು ಹುಡುಗನಿಗೆ ಹೇಳಿದೆವು. ವಾಚಕರ ಮುಂದೆಯೂ ಅದನ್ನೇ ಇಡುತ್ತೇವೆ.

ಚಾರ್ಲಿ ರಾಬರ್ಟ್ಸನು 1883ರಲ್ಲಿ ಉತ್ತರ ಇಂಗ್ಲೆಂಡಿನ ಡಾರ್ಲಿಂಗ್ಟನ್ ಪಟ್ಟಣದಲ್ಲಿ ಹುಟ್ಟಿದನು. ಅದು ಕಬ್ಬಿಣದ ಕಾರ್ಖಾನೆಗಳ ಊರು. ಈತನೂ ಕುಲುಮೆಯ ಶಾಖದಲ್ಲಿ ದುಡಿದು ಬಂದವನೇ. ಬಿಷಪ್ ಆಕ್ಲೆಂಡ್ ಎಂಬ ತಂಡದಲ್ಲಿ ಆಡಿ ಹೆಸರು ಪಡೆದು, 1903ರಲ್ಲಿ ಗ್ರಿಮ್ಸ್‌ಬಿ ತಂಡವನ್ನು ಸೇರಿದನು. ಮರುವರ್ಷವೇ ಮ್ಯಾಂಚೆಸ್ಟರ್ ಯುನೈಟೆಡ್ ತಂಡದವರು 600 ಪೌಂಡುಗಳನ್ನು ತೆತ್ತು ಈತನನ್ನು ಕೊಂಡರು. ಇಂದು ಜಗದ್ವಿಖ್ಯಾತವಾದ ಆ ತಂಡವು ಆಗ ಎರಡನೆಯ ವರ್ಗದಲ್ಲಿತ್ತು. ಎರಡು ವರ್ಷಗಳ ಹಿಂದೆಯಷ್ಟೇ ದಿವಾಳಿಯ ಬಾಗಿಲಿಗೆ ಹೋಗಿ, ಮದ್ಯದ ವ್ಯಾಪಾರಿಯೊಬ್ಬನ ಹಣದಿಂದ ಉಳಿದುಕೊಂಡಿತ್ತು.

ರಾಬರ್ಟ್ಸನು ಆಡುತ್ತಿದ್ದುದು ಸೆಂಟರ್ ಹಾಫ್ ಎಂಬ ಸ್ಥಾನದಲ್ಲಿ. ಆ ಕಾಲದಲ್ಲಿ ಆ ಸ್ಥಾನದವನು ಹಿಂದೆ ನಿಂತು ಕಾಯುವವನು ಮಾತ್ರವಲ್ಲ. ಅಂಗಣದ ನಡುವೆ ನಿಂತು ಎದುರಾಳಿಯನ್ನು ತಡೆಯುವುದು, ಚೆಂಡನ್ನು ಮುಂದಿನವರಿಗೆ ಒದಗಿಸುವುದು, ಎರಡೂ ಅವನ ಹೊಣೆ. ಬಲಗಡೆ ಡಕ್‌ವರ್ತ್, ಎಡಗಡೆ ಬೆಲ್, ನಡುವೆ ರಾಬರ್ಟ್ಸ್. ಈ ಮೂವರ ಪಂಕ್ತಿಯನ್ನು ದಾಟುವುದು ಎದುರಾಳಿಗಳಿಗೆ ದುಸ್ತರವಾಗಿತ್ತು. ಈತನ ನಾಯಕತ್ವದಲ್ಲಿ ತಂಡವು 1908ರಲ್ಲಿಯೂ 1911ರಲ್ಲಿಯೂ ಲೀಗ್ ಪ್ರಶಸ್ತಿಯನ್ನು, 1909ರಲ್ಲಿ ಬ್ರಿಸ್ಟಲ್ ಸಿಟಿ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಎಫ್. ಎ. ಕಪ್ಪನ್ನು ಗೆದ್ದಿತು. ಆಟಗಾರರ ಚಡ್ಡಿಯು ಮೊಣಕಾಲನ್ನು ಮುಚ್ಚಿರಬೇಕೆಂದು ಫುಟ್‌ಬಾಲ್ ಅಸೋಸಿಯೇಷನ್ನಿನವರು 1904ರಲ್ಲಿ ವಿಧಿಸಿದ್ದರು. ಈತನು ಗಿಡ್ಡ ಚಡ್ಡಿಯನ್ನೇ ತೊಟ್ಟು ಆಡುತ್ತಿದ್ದನು. ಇದು ಸಣ್ಣ ಮಾತು. ಆದರೆ ಇಂಥ ಸಣ್ಣ ಮಾತುಗಳಲ್ಲಿಯೇ ಮನುಷ್ಯನ ಸ್ವಭಾವವು ಮೊದಲು ಗೋಚರಿಸುವುದೆಂದು ತರಗತಿಯಲ್ಲಿ ಬಹುಕಾಲ ನಿಂತ ನಮ್ಮ ಅನುಭವ.

ಇನ್ನು ಸಂಬಳದ ವಿಚಾರ. 1901ರಿಂದ ಅಸೋಸಿಯೇಷನ್ನಿನ ಕಟ್ಟಳೆಯಂತೆ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡುಗಳಿಗಿಂತ ಹೆಚ್ಚು ಕೊಡಕೂಡದು. ಕಾರ್ಖಾನೆಯ ನುರಿತ ಕೆಲಸಗಾರನಿಗಿಂತ ಇದು ಹೆಚ್ಚೇ ಸರಿ. ಆದರೆ ಈ ಪರಮಾವಧಿಯು ದೊರೆಯುತ್ತಿದ್ದುದು ಕೆಲವರಿಗೆ ಮಾತ್ರ. ಅದಲ್ಲದೆ ಆಟಗಾರನ ಆಯುಸ್ಸೆಷ್ಟು? ಮೊಣಕಾಲೊಂದು ತಿರುಚಿಕೊಂಡರೆ ಅಲ್ಲಿಗೆ ಮುಗಿಯಿತು. ಒಮ್ಮೆ ಒಂದು ತಂಡಕ್ಕೆ ಹೆಸರು ಬರೆಸಿದವನು, ಕರಾರಿನ ಅವಧಿ ಮುಗಿದ ಮೇಲೆಯೂ, ಆ ತಂಡದವರ ಅನುಮತಿಯಿಲ್ಲದೆ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಮಿತಿ ಮೀರಿ ಹಣ ಕೊಟ್ಟರೆಂದು 1906ರಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡದ ಹದಿನೇಳು ಮಂದಿ ಆಟಗಾರರು ಶಿಕ್ಷೆಗೆ ಗುರಿಯಾದಾಗ, ಅವರನ್ನು ಹೋಟೆಲೊಂದರಲ್ಲಿ ಸೇರಿಸಿ ಹರಾಜಿನ ರೀತಿಯಲ್ಲಿ ಹಂಚಿದರು. ಹೀಗೆ ಸಿಟಿಯನ್ನು ಬಿಟ್ಟವರಲ್ಲಿ ಬಿಲ್ಲಿ ಮೆರೆಡಿತ್, ಸ್ಯಾಂಡಿ ಟರ್ನ್‌ಬುಲ್ ಮೊದಲಾದ ನಾಲ್ವರು ರಾಬರ್ಟ್ಸನ ತಂಡಕ್ಕೆ ಬಂದರು.

1907ರ ಏಪ್ರಿಲಿನಲ್ಲಿ ಮತ್ತೊಂದು ಘಟನೆ ನಡೆಯಿತು. ಯುನೈಟೆಡ್ ತಂಡದ ಟಾಮಿ ಬ್ಲ್ಯಾಕ್‌ಸ್ಟಾಕ್ ಎಂಬ ಯುವಕನು ಎರಡನೆಯ ದರ್ಜೆಯ ಪಂದ್ಯವೊಂದರಲ್ಲಿ ಚೆಂಡನ್ನು ತಲೆಯಿಂದ ಹೊಡೆದವನೇ ಕುಸಿದು ಬಿದ್ದು ಅಸುನೀಗಿದನು. ಆತನ ಮನೆಯವರಿಗೆ ಪರಿಹಾರವಾಗಿ ಬಿಡಿಕಾಸೂ ದೊರೆಯಲಿಲ್ಲ. ಅದೇ ವರ್ಷ ಡಿಸೆಂಬರ್ 2ರಂದು ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ ಆಟಗಾರರು ಸಭೆ ಸೇರಿ ತಮ್ಮದೇ ಸಂಘವನ್ನು ಸ್ಥಾಪಿಸಿದರು. ಮೆರೆಡಿತ್ ಮತ್ತು ರಾಬರ್ಟ್ಸ್ ಅದರ ಮುಖಂಡರು.

ಅಸೋಸಿಯೇಷನ್ನಿನವರು ಮೊದಮೊದಲು ಸಂಘವನ್ನು ಸಹಿಸಿಕೊಂಡರು. ಆದರೆ ಗಾಯಗೊಂಡವರ ಪರಿಹಾರಕ್ಕಾಗಿ ಸಂಘವು ನ್ಯಾಯಾಲಯದ ಮೆಟ್ಟಿಲನ್ನು ಹತ್ತುವುದೆಂದೂ, ದೇಶದ ಇತರ ಕಾರ್ಮಿಕ ಸಂಘಗಳ ಒಕ್ಕೂಟವನ್ನು ಸೇರುವುದೆಂದೂ ತಿಳಿದಾಗ ಅವರ ಸೈರಣೆ ತೀರಿತು. 1909ರ ಜುಲೈ 1ರೊಳಗೆ ಆಟಗಾರರೆಲ್ಲರೂ ಸಂಘವನ್ನು ಬಿಟ್ಟೆವೆಂದು ಬರೆದುಕೊಡತಕ್ಕದ್ದು. ಇಲ್ಲವಾದರೆ ಆಟವೂ ಇಲ್ಲ, ಸಂಬಳವೂ ಇಲ್ಲ ಎಂದು ಅಪ್ಪಣೆ ಹೊರಡಿಸಿದರು. ಬಹುಮಂದಿ ಸಹಿ ಹಾಕಿದರು.

ಸಹಿ ಹಾಕಿದವರನ್ನು ನಾವು ಹಳಿಯಲಾರೆವು. ಸುಮಾರು ಮೂವತ್ತೈದು ವರ್ಷಗಳ ಹಿಂದೆ, ನಾವು ಖಾಸಗಿ ಪಾಠಶಾಲೆಯೊಂದರಲ್ಲಿ ಹೊಸದಾಗಿ ಸಂಸ್ಕೃತ ಪಂಡಿತರಾಗಿದ್ದಾಗ, ನಾಲ್ಕು ತಿಂಗಳ ಸಂಬಳ ನಿಂತಿತ್ತು. ಕೇಳಲು ಹೋದ ಏಳು ಮಂದಿಯ ಮುಂದೆ ಆಡಳಿತದವರು ಒಂದು ಕ್ಷಮಾಪಣೆಯ ಕಾಗದವನ್ನು ಇಟ್ಟರು. ಆರು ಮಂದಿ ಸಹಿ ಮಾಡಿದೆವು. ಸಹಿ ಮಾಡದ ಗಣಿತದ ಮೇಷ್ಟ್ರು ಮರುದಿನದಿಂದ ಬರಲಿಲ್ಲ. ಅವರ ತರಗತಿಯ ಪಾಠವನ್ನು ನಮ್ಮಲ್ಲೇ ಹಂಚಿಕೊಟ್ಟರು; ಒಪ್ಪಿಕೊಂಡೆವು. ಮನೆಯಲ್ಲಿ ಕೈಗೂಸಿತ್ತೆಂಬುದು ನಿಜ. ಆದರೆ ಮೇಷ್ಟ್ರ ಮನೆಯಲ್ಲಿಯೂ ಎರಡು ಮಕ್ಕಳಿದ್ದವು.

ರಾಬರ್ಟ್ಸನು ಸಹಿ ಹಾಕಲಿಲ್ಲ. ಕಪ್ ಗೆದ್ದು ಮೂರು ತಿಂಗಳೂ ಕಳೆದಿರಲಿಲ್ಲ. ದೀರ್ಘ ಸೇವೆಗಾಗಿ ಆತನಿಗೆ ಸಹಾಯಾರ್ಥ ಪಂದ್ಯವೊಂದು ಬರಬೇಕಾಗಿದ್ದು, ಅದರಿಂದ 500 ಪೌಂಡುಗಳ ಭರವಸೆಯಿತ್ತು. ಎರಡು ವರ್ಷಗಳ ಪೂರ್ಣ ಸಂಬಳಕ್ಕಿಂತ ಹೆಚ್ಚಾದ ಆ ಮೊತ್ತವೂ ಕೈತಪ್ಪುವಂತಿತ್ತು. ನಾಯಕನ ಹಿಂದೆ ತಂಡವೂ ನಿಂತಿತು. ಬೇಸಗೆಯ ಸಂಬಳ ನಿಂತುಹೋಯಿತು. ಒಂದು ದಿನ ಇವರೆಲ್ಲರೂ ತಂಡದ ಕಚೇರಿಗೆ ಹೋಗಿ ಕೇಳಿದರೆ, ಹಣವಿಲ್ಲವೆಂಬ ಉತ್ತರ ಬಂದಿತು. ಆಗ ಟರ್ನ್‌ಬುಲ್ಲನು, ಏನಾದರೂ ಮಾಡಲೇಬೇಕೆನ್ನುತ್ತ, ಗೋಡೆಯ ಮೇಲಿದ್ದ ಕನ್ನಡಿಯನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ನಡೆದೇಬಿಟ್ಟನು. ಈ ಪ್ರಸಂಗವನ್ನು ಮುಂದೆ ರಾಬರ್ಟ್ಸನೇ ಹೇಳಿರುವನು.

ಅಂಗಣವು ಮುಚ್ಚಿದುದರಿಂದ ಇವರು ಫ್ಯಾಲೋಫೀಲ್ಡ್ ಎಂಬಲ್ಲಿ ತಾವೇ ಅಭ್ಯಾಸ ನಡೆಸಿದರು. ಅಲ್ಲಿಗೆ ಬಂದ ಛಾಯಾಚಿತ್ರಗಾರನು ಚಿತ್ರ ತೆಗೆಯುವೆನೆಂದಾಗ, ರಾಬರ್ಟ್ಸನು ಒಂದು ಹಲಗೆಯನ್ನು ಹುಡುಕಿ ತಂದು, "ಬಹಿಷ್ಕೃತರ ಫುಟ್‌ಬಾಲ್ ತಂಡ, 1909" ಎಂಬರ್ಥದ ಮಾತನ್ನು ಬರೆದು ಮುಂದಿಟ್ಟನು. ಆ ಚಿತ್ರವು ಉಳಿದು ಬಂದಿದೆ. ಪತ್ರಿಕೆಗಳಲ್ಲಿ ಅದನ್ನು ನೋಡಿದ ಜನಕ್ಕೆ ವಿವಾದದ ಸ್ವರೂಪವು ನೂರು ಲೇಖನಗಳಿಗಿಂತ ಸ್ಪಷ್ಟವಾಗಿ ತಿಳಿದಿರಬೇಕು. ಎವರ್ಟನ್ ತಂಡದ ಟಿಮ್ ಕೋಲ್ಮನ್ ಎಂಬಾತನು ಬೇರೆ ಊರಿನವನಾದರೂ ಇವರೊಡನೆ ಬಂದು ಸೇರಿದನು. ಸಹಿ ಹಾಕಿದ್ದ ಇತರ ತಂಡಗಳವರಲ್ಲಿಯೂ ಮನಸ್ಸು ತಿರುಗತೊಡಗಿತು. ಆಟದ ಋತುವಿನ ಹಿಂದಿನ ದಿನ, ಆಗಸ್ಟ್ 31ರಂದು, ಅಸೋಸಿಯೇಷನ್ನಿನವರು ಸಂಘಕ್ಕೆ ಮಾನ್ಯತೆಯನ್ನು ಕೊಟ್ಟು ನಿಷೇಧವನ್ನು ತೆಗೆದರು. ಮರುದಿನ ಬ್ರಾಡ್‌ಫರ್ಡ್ ಸಿಟಿಯ ಎದುರು ಯುನೈಟೆಡ್ ಆಟಗಾರರು ಸಂಘದ ಪಟ್ಟಿಯನ್ನು ತೋಳಿಗೆ ಕಟ್ಟಿಕೊಂಡು ಅಂಗಣಕ್ಕೆ ಇಳಿದರು, ಪಂದ್ಯವನ್ನೂ ಗೆದ್ದರು.

ಜಯವು ಪೂರ್ಣವಾದುದಲ್ಲ. ಕೆಲವೇ ವಾರಗಳಲ್ಲಿ ಆಟಗಾರರು ಮತ ಹಾಕಿ ಕಾರ್ಮಿಕ ಒಕ್ಕೂಟದಿಂದ ತಾವಾಗಿ ಹೊರಬಂದರು. 1910ರಲ್ಲಿ ಸಂಬಳದ ಮಿತಿಯನ್ನು 5 ಪೌಂಡಿಗೆ ಏರಿಸಿದರೂ ಮಿತಿಯು ಮಿತಿಯಾಗಿಯೇ ಉಳಿಯಿತು. 1912ರಲ್ಲಿ ಕಿಂಗಬಿ ಎಂಬ ಆಟಗಾರನ ಪರವಾಗಿ ಸಂಘವು ಹೂಡಿದ ವ್ಯಾಜ್ಯವು ಸೋತು ಬೊಕ್ಕಸವು ಬರಿದಾಯಿತು.

ಇಂಗ್ಲೆಂಡಿನ ಪರವಾಗಿ ರಾಬರ್ಟ್ಸನು ಆಡಿದ್ದು ಮೂರೇ ಪಂದ್ಯಗಳನ್ನು, ಮೂರೂ 1905ರಲ್ಲಿ. ಸಂಘದ ಮೇಲಣ ದ್ವೇಷದಿಂದಲೇ ಈತನನ್ನು ಕೈಬಿಟ್ಟರೆಂಬುದು ರೂಢಿಯ ಮಾತು. ಆದರೆ ಸಂಘವು ಹುಟ್ಟಿದುದೇ 1907ರ ಕೊನೆಯಲ್ಲಿ. ನಡುವಣ ಎರಡು ವರ್ಷಗಳಿಗೆ ಈ ಕಾರಣವು ಹೊಂದದು. ಅನಂತರದ ವರ್ಷಗಳಿಗೆ ಹೊಂದೀತೆಂದು ನಾವೂ ನಂಬುತ್ತೇವೆ.

1913ರಲ್ಲಿ ಯುನೈಟೆಡ್ ತಂಡದವರು ಈತನನ್ನು 1500 ಪೌಂಡುಗಳಿಗೆ ಓಲ್ಡಮ್ ತಂಡಕ್ಕೆ ಮಾರಿದರು. ಕೊಂಡ ಬೆಲೆಯ ಎರಡೂವರೆಪಟ್ಟು! ಆ ಹೊಸ ತಂಡವು 1915ರಲ್ಲಿ ಒಂದೇ ಅಂಕದಿಂದ ಲೀಗ್ ಪ್ರಶಸ್ತಿಯನ್ನು ಕಳೆದುಕೊಂಡಿತು. ಮಹಾಯುದ್ಧದೊಡನೆ ಈತನ ಆಟವು ಮುಗಿಯಿತು. ಟರ್ನ್‌ಬುಲ್ಲನು 1917ರಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಮಡಿದನು. ರಾಬರ್ಟ್ಸನು 1921ರವರೆಗೂ ಸಂಘದ ಅಧ್ಯಕ್ಷನಾಗಿದ್ದು, ಸ್ವಲ್ಪಕಾಲ ಓಲ್ಡಮ್ ತಂಡವನ್ನು ನಡೆಸಿ, ಆಮೇಲೆ ಹೊಗೆಸೊಪ್ಪಿನ ವ್ಯಾಪಾರದಲ್ಲಿ ನಿಂತನು. ತನ್ನ ಅಂಗಡಿಯ ಒಂದು ಸರಕಿಗೆ ಡಕ್‌ವರ್ತ್, ರಾಬರ್ಟ್ಸ್, ಬೆಲ್ ಎಂಬ ಮೂರು ಹೆಸರುಗಳ ತುಣುಕುಗಳನ್ನು ಸಂಧಿ ಮಾಡಿ "ಡ್ಯುಕ್ರೊಬೆಲ್" ಎಂದು ನಾಮಕರಣ ಮಾಡಿದನು. ವ್ಯಾಕರಣವು ಒಪ್ಪದಿದ್ದರೂ ಸ್ನೇಹವು ಒಪ್ಪುವ ಸಂಧಿ. 1939ರ ಆಗಸ್ಟಿನಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡನು. ಸಂಬಳದ ಮಿತಿಯು ರದ್ದಾದುದು 1961ರಲ್ಲಿ. ಕರಾರು ಮುಗಿದವನನ್ನು ಹಿಡಿದಿಡುವ ಪದ್ಧತಿಯು ನ್ಯಾಯಸಮ್ಮತವಲ್ಲವೆಂದು ಅಲ್ಲಿನ ನ್ಯಾಯಾಲಯವು ಹೇಳಿದುದು 1963ರಲ್ಲಿ.

ಇಷ್ಟನ್ನೂ ಕೇಳಿದ ಮೊಮ್ಮಗನು ಕೋಟಿಯ ಲೆಕ್ಕವನ್ನು ಮರೆತಿದ್ದನು. "ಆ ಕನ್ನಡಿ ಏನಾಯಿತು, ತಾತ?" ಎಂದನು. ಕಾಲುಗಂಟೆಯ ಹೊತ್ತು ಎಲ್ಲರೂ ಸೇರಿ ಪುಸಲಾಯಿಸಿದ ಮೇಲೆ ಟರ್ನ್‌ಬುಲ್ಲನು ಅದನ್ನು ಹಿಂದಕ್ಕೆ ತಂದನೆಂದು ಹೇಳಿದೆವು. ಹುಡುಗನಿಗೆ ಅದು ಅಷ್ಟಾಗಿ ರುಚಿಸಲಿಲ್ಲ.