ತೋಳಿನ ಬಿಸಿಜಿ ಕಲೆಯೂ ಗ್ರೀನ್ ಕಾರ್ಡ್ ಅಳುಕೂ

ಸ್ಯಾನ್ ಹೋಸೆ: ಗ್ರೀನ್ ಕಾರ್ಡ್ ವೈದ್ಯಕೀಯ ತಪಾಸಣೆ ಹತ್ತಿರವಾದಂತೆ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಅದೇ ಅಳುಕು: ಕ್ಷಯ ಪರೀಕ್ಷೆ ಪಾಸಿಟಿವ್ ಬಂದರೆ?

ಬಾಲ್ಯದ ಬಿಸಿಜಿ ಲಸಿಕೆಯಿಂದಾಗಿ ಚರ್ಮದ ಪರೀಕ್ಷೆ ತಪ್ಪು ಫಲಿತಾಂಶ ಕೊಡುವುದುಂಟು. 2018ರ ಅಕ್ಟೋಬರ್‌ನಿಂದ ಅಮೆರಿಕದೊಳಗಿನ ಅರ್ಜಿದಾರರಿಗೆ ಐಗ್ರಾ ರಕ್ತಪರೀಕ್ಷೆ ನಡೆಯುತ್ತಿದೆ. ಇದಕ್ಕೆ ಬಿಸಿಜಿ ಅಡ್ಡಬರದು.

ಪಾಸಿಟಿವ್ ಬಂದರೂ ಎಕ್ಸ್‌ರೇ ಸರಿಯಿದ್ದು, ರೋಗಲಕ್ಷಣಗಳಿಲ್ಲದಿದ್ದರೆ ಅದು ಸುಪ್ತ ಕ್ಷಯ. ಯಾರಿಗೂ ಹರಡದು, ಗ್ರೀನ್ ಕಾರ್ಡ್‌ಗೂ ತೊಡಕಲ್ಲ. ಹಾಗೆಂದು ಮರೆಯುವಂತಿಲ್ಲ: ಚಿಕಿತ್ಸೆ ಪಡೆಯದ 100 ಜನರಲ್ಲಿ 5ರಿಂದ 10 ಮಂದಿಗೆ ಮುಂದೆಂದಾದರೂ ಕಾಯಿಲೆ ಬರುತ್ತದೆ, ಮಧುಮೇಹಿಗಳಿಗೆ ಅಪಾಯ ಹೆಚ್ಚು.

ಹಿಂದೆ 9 ತಿಂಗಳು ಮಾತ್ರೆ ನುಂಗಬೇಕಿತ್ತು. ಈಗ 4 ತಿಂಗಳ ರಿಫಾಂಪಿಸಿನ್, ಇಲ್ಲವೇ ವಾರಕ್ಕೊಮ್ಮೆಯಂತೆ 12 ಡೋಸ್ ಸಾಕು. ಊರಲ್ಲಿ ಪಿಸುಮಾತಿನಲ್ಲಿ ಹೇಳುತ್ತಿದ್ದ ಕಾಯಿಲೆಯ ಹೆಸರನ್ನು ಇಲ್ಲಿ ವೈದ್ಯರ ಮುಂದೆ ಗಟ್ಟಿಯಾಗಿ ಹೇಳುವುದೇ ಮೊದಲ ಮದ್ದು.