ಮೊರದ ತುಂಬಾ ಮಂಡಕ್ಕಿ

‘ಇದು ಹಸಿ ಕಸಾನೋ, ಒಣ ಕಸಾನೋ? ಓದಿದೋರು ನೀವೇ ಹೇಳ್ರಿ.’

ನಮ್ಮ ವಿಭಾಗದ ಕೊಠಡಿಗಳನ್ನು ಗುಡಿಸುವ ಅಕ್ಕ ಹೀಗೆ ಕೇಳಿದಾಗ ಅವರ ಕೈಯಲ್ಲಿ ಕೇಕ್ ಮೆತ್ತಿದ ಬೆಳ್ಳಿ ಬಣ್ಣದ ತಟ್ಟೆಯಿತ್ತು. ಹಿಂದಿನ ಸಂಜೆ ಗೆಳೆಯನ ಹುಟ್ಟುಹಬ್ಬ ಮಾಡಿ, ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕಿ ಹೋದವರು ನಾವೇ. ಕಾಗದದ ತಟ್ಟೆ ಎಂದುಕೊಂಡು ತಂದಿದ್ದೆವು. ಹರಿದು ನೋಡಿದರೆ ಮೇಲೊಂದು ತೆಳು ಪ್ಲಾಸ್ಟಿಕ್ ಪದರ. ಕಾಗದದ ಲೋಟಗಳ ಒಳಗೂ ಸಾಮಾನ್ಯವಾಗಿ ಅಂಥದ್ದೇ ಪದರವಿರುತ್ತದೆ, ಇಲ್ಲದಿದ್ದರೆ ಚಹಾ ಸೋರುತ್ತದೆ. ಚಿಪ್ಸ್ ಪೊಟ್ಟಣದಲ್ಲಂತೂ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಬಿಡಿಸಲಾಗದಂತೆ ಅಂಟಿಕೊಂಡಿರುತ್ತವೆ. ಅಕ್ಕನಿಗೆ ಏನು ಹೇಳಬೇಕೆಂದು ನಮಗ್ಯಾರಿಗೂ ತಿಳಿಯಲಿಲ್ಲ.

ಹಾಗಾಗಿ ಈ ಸಲ ಸೀನಿಯರ್‌ಗಳ ಬೀಳ್ಕೊಡುಗೆಗೆ ತಿಂಡಿಯ ಹೊಣೆ ನನ್ನ ಮೇಲೆ ಬಿದ್ದಾಗ ಇನ್‌ಸ್ಟಾಗ್ರಾಂನಲ್ಲಿ ಕಂಡಿದ್ದ ‘ಸ್ನ್ಯಾಕ್ ಬೋರ್ಡ್’ ನೆನಪಾಯಿತು. ದೊಡ್ಡ ಮರದ ಹಲಗೆ, ಅದರ ತುಂಬ ಬಗೆಬಗೆಯ ತಿನಿಸು, ಸುತ್ತ ನಿಂತು ಎಲ್ಲರೂ ಹಂಚಿಕೊಂಡು ತಿನ್ನುವುದು. ಹಲಗೆಯ ಬೆಲೆ ನೋಡಿ ಮೊಬೈಲ್ ಕೆಳಗಿಟ್ಟೆ. ದಾವಣಗೆರೆಯಲ್ಲಿ ನಾವು ಬಾಡಿಗೆಗಿರುವ ಮನೆಯ ಅಜ್ಜಿ ಗೋಡೆಗೆ ಎರಡು ಬಿದಿರಿನ ಮೊರ ನೇತುಹಾಕಿದ್ದರು. ಮೇಲೆ ಬಾಳೆಎಲೆ ಹಾಸಿದರೆ ಅದಕ್ಕಿಂತ ಚೆಂದದ ಹಲಗೆ ಬೇಕೆ?

‘ತಗೊಳ್ಳಪ್ಪ, ನೀರಾಗ ಮಾತ್ರ ನೆನೆಸಬ್ಯಾಡ’ ಎಂದರು ಅಜ್ಜಿ.

ಒಪ್ಪದವರು ಗೆಳೆಯರು. ‘ಮೊರದಲ್ಲಿ ತಿಂಡಿ ಇಟ್ರೆ ದುಡ್ಡು ಹೊಡ್ಕಂಡ್ರು ಅಂತಾರೆ ಲೇ!’ ನನಗೂ ಅಳುಕಿತ್ತು.

ಈ ಊರಲ್ಲಿ ತಿಂಡಿ ಎಂದರೆ ಮಂಡಕ್ಕಿ, ಮೆಣಸಿನಕಾಯಿ. ಮಂಡಕ್ಕಿ ತರಲು ಒಗೆದ ದಿಂಬಿನ ಕವರ್ ಒಯ್ದೆ. ನಿಪ್ಪಟ್ಟು, ಖಾರಕ್ಕೆ ಸ್ಟೀಲ್ ಡಬ್ಬಿ. ಅಂಗಡಿಯವರು ಮೊದಲು ಖಾಲಿ ಡಬ್ಬಿ ತೂಗಿ, ತಕ್ಕಡಿಯನ್ನು ಸೊನ್ನೆಗೆ ತಂದು, ಆಮೇಲೆ ತುಂಬಿಸಿಕೊಟ್ಟರು. ಮಿರ್ಚಿಯನ್ನು ಪೇಪರ್‌ನಲ್ಲಿ ಕಟ್ಟಲು ಹೋದವರನ್ನು ತಡೆದೆ. ಪತ್ರಿಕೆಗೆ ಬರೆಯುತ್ತಲೇ ಹೇಳುತ್ತೇನೆ: ಪತ್ರಿಕೆ ಓದಲಿಕ್ಕೆ ಮಾತ್ರ, ಅದರ ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ. ಜೊತೆಗೆ ಬೇಯಿಸಿದ ಶೇಂಗಾ, ಸೌತೆಕಾಯಿ, ಪೇರಲ, ಪ್ಯಾಕಿಂಗ್ ತಾನೇ ಹೊತ್ತು ಬರುವ ಬಾಳೆಹಣ್ಣು.

ತಟ್ಟೆಯದೇ ದೊಡ್ಡ ಚರ್ಚೆಯಾಯಿತು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದಲೇ ದೇಶದಾದ್ಯಂತ ನಿಷೇಧವಿದೆ. ಆದರೂ ಕೇಳಿದರೆ ಒಳಗಿನಿಂದ ಬರುತ್ತವೆ! ಅಡಿಕೆ ಹಾಳೆಯ ತಟ್ಟೆ ತರೋಣವೆಂದರು ಕೆಲವರು. ಅದು ಮಣ್ಣಿನಲ್ಲಿ ಕರಗುತ್ತದೆ, ನಿಜ. ಆದರೆ ಒಂದು ಹಿಡಿ ಮಂಡಕ್ಕಿ ತಿಂದು ಅಷ್ಟು ಗಟ್ಟಿ ತಟ್ಟೆ ಎಸೆಯುವುದು ನನಗೆ ಸರಿಬರಲಿಲ್ಲ. ‘ಎಲ್ಲರೂ ಟಿಫಿನ್ ಡಬ್ಬಿಯ ಮುಚ್ಚಳ, ಒಂದು ಚಮಚ ತನ್ನಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದೆ. 26 ಜನರಲ್ಲಿ 9 ಮಂದಿ ಮರೆತು ಬಂದರು. ಅವರಿಗೆ ಮುತ್ತುಗದ ಎಲೆ ಸಿಕ್ಕಿತು.

ಎಡವಿದ್ದು ಬೇರೆ ಕಡೆ. ಒಂದು ಮೊರದ ಮಂಡಕ್ಕಿಗೆ ಮೂರು ಗಂಟೆಗೇ ಈರುಳ್ಳಿ, ಟೊಮೆಟೊ ಕಲಸಿಬಿಟ್ಟಿದ್ದೆ. ಭಾಷಣಗಳು ಮುಗಿದದ್ದು ನಾಲ್ಕೂವರೆಗೆ! ಅಷ್ಟರಲ್ಲಿ ಮಂಡಕ್ಕಿ ನೀರು ಹೀರಿ ಮುದ್ದೆಯಾಗಿತ್ತು. ಪುಣ್ಯಕ್ಕೆ ಇನ್ನೊಂದು ಮೊರದ್ದು ಒಣಗಿತ್ತು. ಅದನ್ನು ಸೀನಿಯರ್‌ಗಳೇ ತೋಳು ಮಡಚಿ ಕಲಸಿದರು. ಬಿಸಿ ಮಿರ್ಚಿಯನ್ನೂ ಮಂಡಕ್ಕಿಗೆ ತಾಗಿಸಿ ಇಡಬಾರದು, ಅದರ ಹಬೆಗೇ ಮೆತ್ತಗಾಗುತ್ತದೆ. ಮೊರದ ಸುತ್ತ ನಿಂತು ಫೋಟೊ ತೆಗೆಸಿಕೊಂಡವರೂ ಇದ್ದರು, ‘ಕೇಕ್ ಎಲ್ಲಿ?’ ಎಂದು ಕೇಳಿ ಮುಖ ಸಣ್ಣ ಮಾಡಿಕೊಂಡವರೂ ಇದ್ದರು. ಒಂದು ಮೊರಕ್ಕೆ ಎಣ್ಣೆ ಇಳಿದು ಕಲೆಯಾಗಿದೆ, ಅಜ್ಜಿಗೆ ಹೊಸದು ತಂದುಕೊಡಬೇಕು.

ಕೊನೆಗೆ ಡಬ್ಬಿಗೆ ಬಿದ್ದದ್ದು ಎಲೆ, ಶೇಂಗಾ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ. ಯಾರೋ ಕದ್ದು ತಂದಿದ್ದ ಎರಡು ಚಿಪ್ಸ್ ಪೊಟ್ಟಣಗಳನ್ನು ಬೇರೆ ಕಟ್ಟಿಟ್ಟೆ. ಮರುದಿನ ಬೆಳಿಗ್ಗೆ ಅಕ್ಕ ಬರುವುದನ್ನೇ ಕಾಯುತ್ತಿದ್ದೆ. ಅವರು ಡಬ್ಬಿಯೊಳಗೆ ಇಣುಕಿ ನೋಡಿದರು, ಆಮೇಲೆ ನನ್ನತ್ತ ತಿರುಗಿದರು.

‘ಎಲ್ಲಾರೂ ಹಂಚ್ಕಂಡು ತಿಂದ್ರಂತಲ್ಲ, ನನಗೊಂದು ಹಿಡಿ ಮಂಡಕ್ಕಿ ಇಡ್ಲಿಲ್ಲೇನ್ರಿ?’

ಅದು ನನಗೆ ಹೊಳೆದೇ ಇರಲಿಲ್ಲ.