ಸಲೂನ್ ದರ್ಜೆಯ ಕೇಶವರ್ಣ: ಮನೆಬಳಕೆಗೆ ಮಾರುವ ವರ್ತಕರ ಗಮನಕ್ಕೆ

ಹೊಸಕೋಟೆ–ಚಿಂತಾಮಣಿ ರಸ್ತೆಯ ನಂದಗುಡಿಯಂತಹ ಹೋಬಳಿ ಕೇಂದ್ರಗಳಲ್ಲಿ ಕೂದಲಿನ ಬಣ್ಣವೆಂದರೆ ಬಹುಕಾಲ ಪುಡಿಯ ಪೊಟ್ಟಣ ಅಥವಾ ಗೋರಂಟಿಯೇ ಆಗಿತ್ತು. ಬ್ಯೂಟಿ ಪಾರ್ಲರ್‌ಗಳಿಗೆಂದೇ ತಯಾರಾಗುವ ಟ್ಯೂಬ್ ಹಾಗೂ ಡೆವಲಪರ್ ಬಾಟಲಿಗಳನ್ನು ಮನೆಗೇ ಕೊಂಡೊಯ್ಯುವ ಗ್ರಾಹಕರು ಈಗ ಫ್ಯಾನ್ಸಿ ಅಂಗಡಿಗಳಿಗೂ ಬರುತ್ತಾರೆ. ಈ ಸರಕಿನಲ್ಲಿ ಲಾಭಾಂಶವಿದೆ. ಹೊಣೆಯೂ ಅಷ್ಟೇ ಇದೆ.

ಮನೆಬಳಕೆಯ ಪೆಟ್ಟಿಗೆಯಲ್ಲಿ ಬಣ್ಣ ಮತ್ತು ಡೆವಲಪರ್‌ಗಳನ್ನು ತಯಾರಕನೇ ಜೋಡಿಸಿಟ್ಟಿರುತ್ತಾನೆ. ಸಲೂನ್ ಸರಕಿನಲ್ಲಿ ಇವೆರಡೂ ಬೇರೆ ಬೇರೆ, ಆಯ್ಕೆ ಕೊಳ್ಳುವವನದು. ಡೆವಲಪರ್ ಎಂಬುದು ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿಯ ಮೇಲಿನ 10, 20, 30, 40 ವಾಲ್ಯೂಮ್ ಎಂಬ ಗುರುತುಗಳು ಕ್ರಮವಾಗಿ ಶೇ. 3, 6, 9 ಮತ್ತು 12ರ ಸಾಂದ್ರತೆಯನ್ನು ಸೂಚಿಸುತ್ತವೆ. ಬಿಳಿ ಕೂದಲನ್ನು ಮುಚ್ಚಲು ಸಾಮಾನ್ಯವಾಗಿ ಶೇ. 6 ಸಾಕು. "ಸ್ಟ್ರಾಂಗ್ ಇರೋದು ಕೊಡಿ" ಎನ್ನುವ ಗ್ರಾಹಕನಿಗೆ 40 ವಾಲ್ಯೂಮ್ ಕೊಟ್ಟರೆ ಬಣ್ಣ ಹೆಚ್ಚು ದಿನ ನಿಲ್ಲುವುದಿಲ್ಲ. ಕೂದಲು ಒರಟಾಗುತ್ತದೆ, ನೆತ್ತಿ ಉರಿಯುತ್ತದೆ. ಟ್ಯೂಬಿನ ಮೇಲಿನ ಸಂಖ್ಯೆಯಲ್ಲಿ ಮೊದಲ ಅಂಕಿ ಬಣ್ಣದ ಗಾಢತೆಯನ್ನು ತಿಳಿಸುತ್ತದೆ: 1 ಕಪ್ಪು, ಮೇಲೇರಿದಂತೆ ತಿಳಿ. ಮೊದಲೇ ಕಪ್ಪು ಹಚ್ಚಿದ ಕೂದಲನ್ನು ತಿಳಿಬಣ್ಣದ ಟ್ಯೂಬಿನಿಂದ ತಿಳಿಯಾಗಿಸಲಾಗದು ಎಂಬುದನ್ನು ಮಾರುವಾಗಲೇ ಹೇಳಿದರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ. ಕಲಸಿದ ಬಣ್ಣ ಉಳಿದರೆ ಚೆಲ್ಲಬೇಕು. ಮುಚ್ಚಿಟ್ಟ ಡಬ್ಬಿಯಲ್ಲಿ ಅನಿಲ ತುಂಬಿ ಅದು ಸಿಡಿಯಬಹುದು.

ಗಾಢ ಬಣ್ಣಗಳಲ್ಲಿ ಬಹುತೇಕ ಇರುವ ಪ್ಯಾರಾಫಿನೈಲೀನ್ ಡೈಅಮೈನ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಮುಖ ಊದಿಕೊಳ್ಳುವಷ್ಟು ಪರಿಣಾಮವೂ ಆಗಬಹುದು. ಹಲವು 'ಕಪ್ಪು ಮೆಹಂದಿ'ಗಳಲ್ಲಿಯೂ ಇದೇ ರಾಸಾಯನಿಕವಿರುತ್ತದೆ. ಆದ್ದರಿಂದಲೇ ಚರ್ಮದ ಕೆರಳಿಕೆ, ಮುಂಚಿನ ಪರೀಕ್ಷೆ, ಹುಬ್ಬು-ರೆಪ್ಪೆಗಳಿಗೆ ಹಚ್ಚಿದರೆ ಕುರುಡುತನದ ಅಪಾಯ, ಇವುಗಳ ಎಚ್ಚರಿಕೆಯನ್ನು ಕೇಶವರ್ಣದ ಲೇಬಲ್ ಮೇಲೆ ಮುದ್ರಿಸುವುದು ಕಡ್ಡಾಯ. ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗದಲ್ಲಿ ತುಸು ಹಚ್ಚಿ 24 ಗಂಟೆ ಕಾಯುವುದೇ ಆ ಪರೀಕ್ಷೆ. ಹಿಂದೆ ಒಗ್ಗಿತ್ತೆಂದು ಬಿಡುವಂತಿಲ್ಲ, ಪ್ರತಿ ಬಾರಿಯೂ ಮಾಡತಕ್ಕದ್ದು.

ಇಲ್ಲಿಯೇ ವರ್ತಕನ ಹೊಣೆ ಆರಂಭವಾಗುತ್ತದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಕಲಂ 86ರಂತೆ, ತಯಾರಕನು ನೀಡಿದ ಎಚ್ಚರಿಕೆ ಹಾಗೂ ಸೂಚನೆಗಳನ್ನು ಗ್ರಾಹಕನಿಗೆ ತಲುಪಿಸದ ಮಾರಾಟಗಾರನು ಹಾನಿಗೆ ಬಾಧ್ಯನಾಗಬಹುದು. ಸರಕನ್ನು ಮಾರ್ಪಡಿಸಿದವನು, ತಯಾರಕನು ಹೇಳದ ಭರವಸೆಯನ್ನು ತಾನಾಗಿ ಕೊಟ್ಟವನು, ತಯಾರಕನಾರೆಂದೇ ತಿಳಿಯದ ಸರಕನ್ನು ಮಾರಿದವನು ಸಹ ಇದೇ ಕಲಮಿನ ವ್ಯಾಪ್ತಿಗೆ ಬರುತ್ತಾರೆ. "ಇದರಿಂದ ಏನೂ ಆಗಲ್ಲ ಬಿಡಿ" ಎಂಬ ಒಂದು ಮಾತು ದುಬಾರಿಯಾಗಬಲ್ಲದು. ಲೀಟರ್ ಬಾಟಲಿಯ ಡೆವಲಪರನ್ನು ಹಳೆಯ ಎಣ್ಣೆ ಶೀಶೆಗೆ ಬಗ್ಗಿಸಿ ಕೊಟ್ಟರೆ ಎಚ್ಚರಿಕೆಯ ಲೇಬಲ್ ಅಂಗಡಿಯಲ್ಲೇ ಉಳಿಯುತ್ತದೆ! ಮೊದಲೇ ತುಂಬಿ, ಚೀಟಿ ಅಂಟಿಸಿ ಇತರ ಅಂಗಡಿಗಳಿಗೆ ಸರಬರಾಜು ಮಾಡಿದರಂತೂ ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ, 1940ರಂತೆ ಅದು 'ತಯಾರಿಕೆ'. ಅದಕ್ಕೆ ಲೈಸೆನ್ಸ್ ಬೇಕು.

ಪಾರ್ಲರ್‌ಗಳ ಬಳಕೆಗೆಂದು 'ಚಿಲ್ಲರೆ ಮಾರಾಟಕ್ಕಲ್ಲ' ಎಂದು ಮುದ್ರಿಸಿದ ಪೊಟ್ಟಣಗಳಿಗೆ ಗರಿಷ್ಠ ಮಾರಾಟ ಬೆಲೆ ಇತ್ಯಾದಿ ಘೋಷಣೆಗಳಿಂದ 2011ರ ಪೊಟ್ಟಣ ಸಾಮಗ್ರಿ ನಿಯಮಗಳಲ್ಲಿ ವಿನಾಯಿತಿ ಇದೆ. ಅದೇ ಪೊಟ್ಟಣ ಅಂಗಡಿಯ ಕಪಾಟಿಗೆ ಬಂದರೆ ಆ ವಿನಾಯಿತಿ ದೊರೆಯದು. ಸಗಟು ಖರೀದಿಯ ವೇಳೆಯಲ್ಲೇ ಬೆಲೆ, ತಯಾರಿಕಾ ಲೈಸೆನ್ಸ್ ಸಂಖ್ಯೆ ಮತ್ತು ಅವಧಿಯನ್ನು ನೋಡಿಕೊಳ್ಳುವುದು ಲೇಸು.

ಇನ್ನು ತೆರಿಗೆ. 2017ರ ಜುಲೈನಲ್ಲಿ ಶೇ. 28 ಇದ್ದ ಕೇಶವರ್ಣದ ಜಿ.ಎಸ್.ಟಿ. ಅದೇ ನವೆಂಬರ್ 15ರಿಂದ ಶೇ. 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ತಲೆಎಣ್ಣೆ, ಶಾಂಪೂಗಳು ಶೇ. 5ಕ್ಕೆ ಬಂದವು; ಕೇಶವರ್ಣ ಶೇ. 18ರಲ್ಲೇ ಉಳಿಯಿತು. ಬಿಲ್ಲಿಂಗ್ ಯಂತ್ರದಲ್ಲಿ ಮೂರನ್ನೂ ಒಂದೇ ದರಕ್ಕೆ ಸೇರಿಸಿದವರು ಸರಿಪಡಿಸಿಕೊಳ್ಳಬೇಕು. ಅದೇ ದಿನದಿಂದ ಸಲೂನ್ ಸೇವೆಯ ದರವೂ ಶೇ. 18ರಿಂದ 5ಕ್ಕೆ ಇಳಿಯಿತಾದರೂ ಹೂಡುವಳಿ ತೆರಿಗೆ ಜಮೆ ನಿಂತುಹೋಯಿತು. ನೋಂದಾಯಿತ ಪಾರ್ಲರ್ 1,000 ರೂ. ಬೆಲೆಯ ಬಣ್ಣಕ್ಕೆ ತೆರುವ 180 ರೂ. ಈಗ ನೇರ ವೆಚ್ಚ. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರದೆ ನೋಂದಣಿಯಿಲ್ಲದೆ ನಡೆಯುವ ಊರಿನ ಸಣ್ಣ ಪಾರ್ಲರ್‌ಗಳಿಗೆ ಈ ಜಮೆ ಮೊದಲೂ ಇರಲಿಲ್ಲ.

ತೊಡಕಿರುವುದು ಒಂದೇ ನೋಂದಣಿಯಲ್ಲಿ ಅಂಗಡಿ ಮತ್ತು ಪಾರ್ಲರ್ ಎರಡನ್ನೂ ನಡೆಸುವ ಕುಟುಂಬಗಳಿಗೆ. ಮಾರಿದ ಟ್ಯೂಬಿಗೆ ಜಮೆ ಉಂಟು, ಪಾರ್ಲರ್‌ನಲ್ಲಿ ಬಳಸಿದ ಟ್ಯೂಬಿಗೆ ಇಲ್ಲ. ಕಪಾಟಿನಿಂದ ತೆಗೆದು ಒಳಗೆ ಬಳಸಿದ ಪ್ರತಿ ಟ್ಯೂಬನ್ನೂ ಅಂದಂದೇ ದಾಸ್ತಾನು ಪುಸ್ತಕದಲ್ಲಿ ನಮೂದಿಸಿ, ಅದರ ಜಮೆಯನ್ನು ಆಯಾ ತಿಂಗಳ ರಿಟರ್ನಿನಲ್ಲಿ ಹಿಂದಿರುಗಿಸತಕ್ಕದ್ದು. ತಪ್ಪಾಗಿ ಪಡೆದು ಬಳಸಿಕೊಂಡ ಜಮೆಗೆ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕಾಗುತ್ತದೆ.